ಹರಾಜು ಆಟದಿಂದ ಬೇಡಿಕೆ–ಪೂರೈಕೆ ಕಲಿಸುವುದು: ಆಡಿಸಿದವರು ತಿಳಿಸಿ

ಪ್ರಶ್ನೆ: ತರಗತಿಯಲ್ಲಿ 20 ವಿದ್ಯಾರ್ಥಿಗಳು. ಹರಾಜು ಆಟ ಆಡಿಸಿ ಬೇಡಿಕೆ–ಪೂರೈಕೆ ಕಲಿಸಬೇಕೆಂದಿದ್ದೇನೆ. ಚೀಟಿಯಲ್ಲಿ ಯಾವ ಸಂಖ್ಯೆ ಬರೆಯಲಿ? ಎಷ್ಟು ಸುತ್ತು? ಆಟ ಎಲ್ಲಿ ಕೆಡುತ್ತದೆ?

ಉತ್ತರ: ಹತ್ತು ಜನ ಕೊಳ್ಳಲಿ, ಹತ್ತು ಜನ ಮಾರಲಿ. ಕೊಳ್ಳುವವರ ಚೀಟಿಗೆ 95, 90, 85 ಎಂದು ಐದೈದು ಇಳಿಸುತ್ತ 50ರವರೆಗೆ ಬರೆಯಿರಿ. ವಸ್ತು ಅವರಿಗೆ ಎಷ್ಟು ಬಾಳುತ್ತದೆ ಎಂಬ ಲೆಕ್ಕ ಅದು. ಮಾರುವವರ ಚೀಟಿಗೆ 22, 27, 32 ಎಂದು ಏರಿಸುತ್ತ 67ರವರೆಗೆ, ಅದು ಖರ್ಚು. ಸುತ್ತಿಗೆ ಒಬ್ಬರಿಗೆ ಒಂದೇ ವಸ್ತು. ಚೀಟಿ ಯಾರಿಗೂ ತೋರಿಸುವಂತಿಲ್ಲ. ಸಮತೋಲನ ಬೆಲೆ (ಕೊಳ್ಳಲು ಸಿದ್ಧರಿರುವವರೂ ಮಾರಲು ಸಿದ್ಧರಿರುವವರೂ ಸಮವಾಗುವ ಬೆಲೆ) 57–60, ವ್ಯಾಪಾರ 8, ಒಟ್ಟು ಲಾಭ (ಕೊಂಡವರ ಚೀಟಿಗಳ ಮೊತ್ತದಿಂದ ಮಾರಿದವರ ಖರ್ಚು ಕಳೆದರೆ ಉಳಿಯುವುದು) 304 ಟೋಕನ್. ಇದು ನಿಮ್ಮ ಬಳಿಯೇ ಇರಲಿ. ನಾಲ್ಕೈದು ನಿಮಿಷದ ಸುತ್ತು, ಅದೇ ಚೀಟಿಗಳಲ್ಲಿ ನಾಲ್ಕು ಸಲ. ರೇಖಾಚಿತ್ರ ಆಮೇಲೆ ಬರೆಯಿರಿ, ಬೆಲೆಗಳು ಒಂದೆಡೆ ಸೇರಿದ್ದನ್ನು ಮಕ್ಕಳು ಕಂಡ ಮೇಲೆ.

ಉತ್ತರ: ಮೇಲಿನ ಸಂಖ್ಯೆಗಳು ಸರಿ, ಆದರೆ ಫಲಿತಾಂಶ ನಿಂತಿರುವುದು ಕೂಗುವ ನಿಯಮದ ಮೇಲೆ. 1948ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಚೇಂಬರ್ಲಿನ್ ಅವರ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಚೌಕಾಸಿ ಮಾಡಿದರು. ಬೆಲೆ ಚದುರಿತು, ವ್ಯಾಪಾರ ಸಮತೋಲನದ ಲೆಕ್ಕಕ್ಕಿಂತ ಹೆಚ್ಚೇ ಆಯಿತು. ಮುಂದೆ ಇನ್ನೊಬ್ಬ ಅರ್ಥಶಾಸ್ತ್ರಜ್ಞ ವರ್ನನ್ ಸ್ಮಿತ್ ಎರಡು ಬದಲಾವಣೆ ಮಾಡಿದರು: ಎಲ್ಲರಿಗೂ ಕೇಳುವಂತೆ ಕೂಗಬೇಕು, ಸುತ್ತು ಮರುಕಳಿಸಬೇಕು. ಬೆಲೆ ಸಮತೋಲನದತ್ತ ಸರಿಯಿತು. 1962ರಲ್ಲಿ ಅದನ್ನು ಪ್ರಕಟಿಸಿದರು; 2002ರ ಅರ್ಥಶಾಸ್ತ್ರದ ನೊಬೆಲ್‌ನಲ್ಲಿ ಅವರಿಗೆ ಪಾಲು ಬಂತು. ಹಾಗಾಗಿ ಗುಸುಗುಸು ವ್ಯಾಪಾರಕ್ಕೆ ಅವಕಾಶ ಕೊಡಬೇಡಿ. ಕೊಳ್ಳುವವರ ಹೊಸ ಕೂಗು ಹಿಂದಿನದಕ್ಕಿಂತ ಹೆಚ್ಚಿರಬೇಕು, ಮಾರುವವರದು ಕಡಿಮೆ. ಎರಡೂ ಬೋರ್ಡಿನ ಮೇಲೆ ಕಾಣುತ್ತಿರಲಿ. ಬರೆಯಲು ಒಬ್ಬರನ್ನು ಬೇರೆಯೇ ನಿಲ್ಲಿಸಿ.

ಉತ್ತರ: ಮಾರದೆ ಉಳಿದರೂ ಖರ್ಚು ತಮ್ಮ ಕೈಯಿಂದ ಹೋಗುತ್ತದೆ ಎಂದು ಕೆಲವರು ತಿಳಿದು, 67ರ ಚೀಟಿ ಹಿಡಿದು 58ಕ್ಕೆ ಮಾರಿಬಿಡುತ್ತಾರೆ. ಖರ್ಚು ಮಾರಿದರೆ ಮಾತ್ರ, ಮಾರದಿದ್ದರೆ ಸೊನ್ನೆ ಎಂದು ಆರಂಭದಲ್ಲೇ ಒಂದು ಉದಾಹರಣೆ ಬಿಡಿಸಿ ತೋರಿಸಿ. ಉದಾಹರಣೆಗೆ 500, 700ರಂಥ ದೂರದ ಸಂಖ್ಯೆ ತೆಗೆದುಕೊಳ್ಳಿ. 60 ಎಂದರೆ ಎಲ್ಲರ ಕೂಗು ಅಲ್ಲಿಂದಲೇ ಶುರುವಾಗುತ್ತದೆ. ವ್ಯಾಪಾರ 7ಕ್ಕೇ ನಿಂತರೂ ಚಿಂತಿಸಬೇಡಿ. ಎಂಟನೆಯ ಜೋಡಿಯ (60, 57) ಲಾಭ ಬರೀ 3, ಅದು ತಪ್ಪಿದರೂ 304ರಲ್ಲಿ 301 ಸಿಕ್ಕಿರುತ್ತದೆ.

ಪ್ರಶ್ನೆ ಕೇಳಿದವರು: 17 ಜನ ಮಾತ್ರ ಬಂದರೆ?

ಉತ್ತರ: ಕೊಳ್ಳುವವರ 55, 50 ಮತ್ತು ಮಾರುವವರ 67 ತೆಗೆಯಿರಿ. ಇವು ಹೇಗೂ ವ್ಯಾಪಾರದ ಹೊರಗಿರುವ ಚೀಟಿಗಳು, ಸಮತೋಲನ ಕದಲುವುದಿಲ್ಲ. 95 ಅಥವಾ 22 ತೆಗೆದರೆ ಲೆಕ್ಕವೆಲ್ಲ ಬದಲು.

ಉತ್ತರ: ಸಮಯ ಉಳಿದರೆ ಕೊಳ್ಳುವವರ ಪ್ರತಿ ಚೀಟಿಗೂ 10 ಸೇರಿಸಿ. ಬೆಲೆಯೂ 10 ಏರುತ್ತದೆ ಎಂದೇ ಬಹುತೇಕರ ಊಹೆ. ಬರುವುದು 62–65, ವ್ಯಾಪಾರ 9. ಮಾರುವವರ ಸಂಖ್ಯೆಗಳೂ ಕೊಳ್ಳುವವರದರಂತೆ ಐದೈದರ ಅಂತರದಲ್ಲೇ ಇರುವುದರಿಂದ ಏರಿಕೆ ಅರ್ಧಕ್ಕೆ ನಿಲ್ಲುತ್ತದೆ.

ಆದರೆ ಒಂದೇ ಸುತ್ತಿಗೆ ಜಾಗವಿದ್ದರೆ ಗರಿಷ್ಠ ಬೆಲೆ ಮಿತಿಯನ್ನೇ ಆಡಿಸಿ. ಹಳೆಯ ಚೀಟಿಗಳಲ್ಲಿ 49ಕ್ಕಿಂತ ಹೆಚ್ಚು ಕೂಗುವಂತಿಲ್ಲ ಎನ್ನಿ. ಮಾರಲು ಆರು ಜನ, ಬೇಕೆನ್ನುವವರು ಹತ್ತೂ ಜನ. ಎಲ್ಲರೂ 49 ಎಂದೇ ಕೂಗುವುದರಿಂದ ವಸ್ತು ಹೆಚ್ಚು ಬಾಳುವವರಿಗೇ ಸಿಗಬೇಕೆಂದಿಲ್ಲ, ಮೊದಲು ಕೈ ಎತ್ತಿದವರ ಪಾಲು. 95ರಿಂದ 70ರವರೆಗಿನ ಆರು ಮಂದಿಗೆ ಸಿಕ್ಕರೆ ಒಟ್ಟು ಲಾಭ 288, 75ರಿಂದ 50ರವರೆಗಿನವರಿಗೆ ಸಿಕ್ಕರೆ 168. ಆ ಸುತ್ತಿನಲ್ಲಿ ಕೊಂಡವರ ಚೀಟಿ ಸಂಖ್ಯೆಗಳನ್ನೂ ಬೋರ್ಡಿನ ಮೇಲೆ ಬರೆಸಿ.