ಹುಳ ಕೊರೆದ ‘ರ’

ಪುಸ್ತಕಹುಳ: ಹಳೇ ಕಪಾಟಿನ ಬಾಗಿಲಲ್ಲಿ ಹುಳ ಕೊರೆದ ಗೀಟು ಕಂಡೆ, ಥೇಟ್ ‘ರ’! ಹಿರಿಯರು ಘುಣಾಕ್ಷರ ನ್ಯಾಯ ಅಂದದ್ದು ಇದಕ್ಕೇ. ಅಕ್ಷರ ಮೂಡಿತು ಅಂತ ಮರದ ಹುಳಕ್ಕೆ ಓದುಬರಹ ಬಂದಂತಲ್ಲ. ಅಚ್ಚುಕಟ್ಟು ಕಂಡಲ್ಲೆಲ್ಲ ಯಾರದೋ ಕೈವಾಡ ಹುಡುಕುವವರು ಏನಂತೀರಿ?

ನಿಧಾನಿ: ಒಂದು ‘ರ’ ಒಪ್ಪಿದೆ. ಬಾಗಿಲ ತುಂಬ ಪ್ರಾಸ ತಪ್ಪದ ಷಟ್ಪದಿ ಇದ್ದಿದ್ದರೆ? ಗುಜರಿ ರಾಶಿಯ ಮೇಲೆ ಸುಂಟರಗಾಳಿ ಬೀಸಿ ಬೋಯಿಂಗ್ 747 ಜೋಡಣೆಯಾದೀತೇ ಅಂತ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಕೇಳಿದ್ದೂ ಇದನ್ನೇ. ಜೀವ ತಾನೇ ಹುಟ್ಟಿತು ಅನ್ನುವವರಿಗೆ ಹಾಕಿದ ಪ್ರಶ್ನೆ ಅದು.

ಜೋಕರ್: ಇಸ್ಪೀಟು ಕಲೆಸಿ ಹರಡಿ. 52 ಎಲೆ ಅದೇ ಕ್ರಮದಲ್ಲಿ ಬರುವ ಸಾಧ್ಯತೆ, ಸುಮಾರು 8ರ ಮುಂದೆ 67 ಸೊನ್ನೆ ಹಾಕಿದಷ್ಟರಲ್ಲಿ ಒಂದು. ಆದರೂ ಬಂತಲ್ಲ!

ನಿಧಾನಿ: ಬಂದಮೇಲೆ ಬೆರಗಾಗೋದು ಯಾವ ಮಹಾ? ಕಲೆಸುವ ಮೊದಲೇ ಕ್ರಮ ಬರೆದಿಟ್ಟು ಅದನ್ನೇ ತರಿಸಿ ನೋಡೋಣ.

ಲೆಕ್ಕದ ಮೇಷ್ಟ್ರು: ಇಲ್ಲಿ ನಿಧಾನಿ ಹೇಳಿದ್ದೇ ಸರಿ, ಇಸ್ಪೀಟಿನ ವಾದ ನಿಲ್ಲಲ್ಲ. ಆದರೆ ಸುಂಟರಗಾಳಿಯ ಹೋಲಿಕೆಯೂ ತೂತೇ. 20 ದಾಳ ತಗೊಳ್ಳಿ. ಒಂದೇ ಎಸೆತಕ್ಕೆ ಎಲ್ಲದರಲ್ಲೂ ಆರು ಬೀಳಬೇಕಾದರೆ, ಸೆಕೆಂಡಿಗೊಂದು ಎಸೆತದಂತೆ ಸರಾಸರಿ 11 ಕೋಟಿ ವರ್ಷಕ್ಕೂ ಹೆಚ್ಚು ಕಾಯಬೇಕು. ಆರು ಬಿದ್ದವನ್ನು ಮುಟ್ಟದೆ ಉಳಿದವನ್ನಷ್ಟೇ ಮತ್ತೆ ಎಸೆದರೆ? ಸರಾಸರಿ 20 ಸುತ್ತು, ಅಷ್ಟೇ. ನಿನ್ನೆ ರಾತ್ರಿ ಕೂತು ಎಸೆದೆ. 14ನೇ ಸುತ್ತಿಗೆ ಒಂದೇ ದಾಳ ಬಾಕಿ. ಆ ಹಟಮಾರಿ 27ರವರೆಗೆ ಎಳೀತು.

ನಿಧಾನಿ: ಆರನ್ನು ಎತ್ತಿಟ್ಟವರು ಯಾರು ಮೇಷ್ಟ್ರೇ? ನೀವೇ ತಾನೆ? ಕೈವಾಡ ಹಿಂಬಾಗಿಲಿಂದ ಒಳಗೆ ಬಂತು!

ಲೆಕ್ಕದ ಮೇಷ್ಟ್ರು: ಏಟು ಸರಿಯಾಗಿ ಬಿತ್ತು. ದಾಳದಲ್ಲಿ ನಾನೇ. ಉಪ್ಪುನೀರು ಒಣಗುವಾಗ ಯಾರು? ಸೋಡಿಯಂ, ಕ್ಲೋರೈಡ್ ಅಯಾನುಗಳು ಅಡ್ಡಾದಿಡ್ಡಿ ಅಲೆದು ತಾಗುತ್ತವೆ. ಹೊಂದಿಕೊಂಡದ್ದು ಅಂಟಿಕೊಳ್ಳುತ್ತೆ, ಹೊಂದದ್ದು ನೀರಿಗೇ ವಾಪಸ್. ಕೊನೆಗೆ ಮೂಲೆ ಚೂಪಾದ ಘನಾಕಾರದ ಹರಳು. ಜೀವಿಗಳಲ್ಲಿ ಆ ಆಯ್ಕೆ ಮಾಡೋದು ಸಾವು: ಮರಿ ಹಾಕುವ ಮೊದಲೇ ಸತ್ತದ್ದರ ಗುಣ ಮುಂದಕ್ಕೆ ದಾಟಲ್ಲ.

ನಿಧಾನಿ: ಅದು ಜೀವ ಬಂದಮೇಲಿನ ಕಥೆ. ಮೊದಲ ಜೀವಿಗೆ ಏನಂತೀರಿ?

ಲೆಕ್ಕದ ಮೇಷ್ಟ್ರು: ಅದು ಇನ್ನೂ ಬಿಡಿಸದ ಗಂಟು, ಬಿಡಿಸಿದ್ದೇವೆ ಅಂತ ಬಡಾಯಿ ಕೊಚ್ಚಲ್ಲ. ಸುಂಟರಗಾಳಿ ಪ್ರತಿ ಸಲ ಇಪ್ಪತ್ತೂ ದಾಳ ಎಸೆಯುತ್ತೆ. ರಸಾಯನಶಾಸ್ತ್ರ ಹಾಗಲ್ಲ, ಕೂಡಿಕೊಂಡದ್ದನ್ನು ಹಿಡಿದಿಡುತ್ತೆ. ನನ್ನ ತಕರಾರು ಅಷ್ಟೇ.

ಪುಸ್ತಕಹುಳ: ನಡುವೆ ಟಾರ್ಚ್ ಹಿಡಿದು ಆ ಬಾಗಿಲನ್ನು ಮತ್ತೊಮ್ಮೆ ನೋಡಿಬಂದೆ. ‘ರ’ದ ಸುತ್ತ ಇನ್ನೂ ಹದಿನೆಂಟು ಗೀಟಿವೆ, ಒಂದೂ ಅಕ್ಷರವಲ್ಲ. ಮೊದಲ ಸಲ ಅವು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.