ಅಪ್‌ಡೇಟ್: ಜೇಮ್ಸ್ ಥಾರ್ನ್‌ನ ಅವಶೇಷಗಳು ಎರಡು ವಿಮಾನಗಳವು

ಇಂಗ್ಲೆಂಡಿನ ಡರ್ಬಿಶೈರ್‌ನ ಬ್ಲೀಕ್ಲೋ ಬೆಟ್ಟದ ಜೇಮ್ಸ್ ಥಾರ್ನ್‌ನಲ್ಲಿ ಅಕ್ಕಪಕ್ಕ ಎರಡು ಕಡೆ ಬಿದ್ದಿರುವ, ರಿವೆಟ್ ಸಾಲು ಇನ್ನೂ ಎದ್ದು ಕಾಣುವ ಅಲ್ಯೂಮಿನಿಯಂ ಚೂರುಗಳು ಒಂದೇ ವಿಮಾನದವೇ ಎಂದು ಕಳೆದ ವಾರ ಕೇಳಿದ್ದೆ. ಅಲ್ಲ. ಹಳೆಯ ಪತ್ರಿಕೆಗಳಲ್ಲಿ ನನಗೇನೂ ಸಿಗಲಿಲ್ಲ. ಲಂಡನ್ನಿನ ಕ್ಯೂನ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಸ್ಕ್ವಾಡ್ರನ್ (ವಾಯುಪಡೆಯ ವಿಮಾನ ದಳ) ದಿನಚರಿಗಳನ್ನು ನೋಡಿ ಎಂದವರ ಸಲಹೆಯೇ ಫಲಿಸಿತು. ಒಂದು, ಕೆನಡಾದ 408ನೇ ಸ್ಕ್ವಾಡ್ರನ್‌ನ ಲ್ಯಾಂಕಾಸ್ಟರ್ ಬಾಂಬರ್ ವಿಮಾನ. ತರಬೇತಿ ಹಾರಾಟದಲ್ಲಿ ದಾರಿ ತಪ್ಪಿ 1945ರ ಮೇ 18ರ ರಾತ್ರಿ ಬೆಟ್ಟಕ್ಕೆ ಬಡಿದು, ಅದರಲ್ಲಿದ್ದ ಆರೂ ಮಂದಿ ಮಡಿದರು. ಯುರೋಪಿನಲ್ಲಿ ಯುದ್ಧ ಮುಗಿದು ಆಗ ಹತ್ತೇ ದಿನ ಕಳೆದಿತ್ತೆಂದು ತಿಳಿದಾಗ ಬಹಳ ಸಂಕಟವಾಯಿತು. ಇನ್ನೊಂದು, ಅದೇ ವರ್ಷ ಜುಲೈ 24ರಂದು ಏಳು ಮಂದಿಯೊಡನೆ ನಾಶವಾದ ಅಮೆರಿಕದ ಸಿ-47 ಸಾಗಣೆ ವಿಮಾನ. ಅಲ್ಲಿಗೆ ಹೋಗುವವರು ದಯವಿಟ್ಟು ಒಂದು ಚೂರನ್ನೂ ಎತ್ತಿಕೊಂಡು ಬರಬೇಡಿ. 1986ರ ಸೇನಾ ಅವಶೇಷಗಳ ರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.