ಲೈನ್‌ವೀವರ್–ಬರ್ಕ್ ಗೆರೆಯಲ್ಲಿ ಕೆಎಮ್ ಮೈನಸ್ ಬರ್ತಾ ಉಂಟು (ಹೆಸರುಕಾಳಿನ ಆ್ಯಸಿಡ್ ಫಾಸ್ಫಟೇಸ್)

ಕೇಳಿದವರು: ಕೊಣಾಜೆ_ಗುಡ್ಡೆ

ಎಮ್ಮೆಸ್ಸಿ ಬಯೋಕೆಮಿಸ್ಟ್ರಿ ಎರಡನೇ ಸೆಮಿಸ್ಟರ್, ಮಂಗಳೂರು. ಮೊಳಕೆ ಬಂದ ಹೆಸರುಕಾಳಿನಿಂದ ಆ್ಯಸಿಡ್ ಫಾಸ್ಫಟೇಸ್ (ಆಮ್ಲೀಯ ಪಿಎಚ್‌ನಲ್ಲಿ ಫಾಸ್ಫೇಟ್ ಬಿಡಿಸುವ ಎನ್‌ಜೈಮ್) ತೆಗೆದು ಪಿಎನ್‌ಪಿಪಿ (ಪ್ಯಾರಾ ನೈಟ್ರೋಫಿನೈಲ್ ಫಾಸ್ಫೇಟ್, ಎನ್‌ಜೈಮ್ ಒಡೆಯುವ ವಸ್ತು) ಸಬ್‌ಸ್ಟ್ರೇಟ್ ಜೊತೆ ಕೆಎಮ್ (ವೇಗ ಗರಿಷ್ಠದ ಅರ್ಧ ಆಗುವ ಸಬ್‌ಸ್ಟ್ರೇಟ್ ಸಾಂದ್ರತೆ), ವಿಮ್ಯಾಕ್ಸ್ (ಗರಿಷ್ಠ ವೇಗ) ಕಂಡುಹಿಡಿಯುವ ಪ್ರಾಕ್ಟಿಕಲ್.

ಕಾಳನ್ನು ಸಿಟ್ರೇಟ್ ಬಫರಿನಲ್ಲಿ ಅರೆದು, ಮಸ್ಲಿನ್ ಬಟ್ಟೆಯಲ್ಲಿ ಸೋಸಿ, ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿ ತೆಗೆದದ್ದು. ಪ್ರತಿ ಟ್ಯೂಬಿಗೆ 0.2 ಮೋಲಾರ್ ಸಿಟ್ರೇಟ್ ಬಫರ್ (ಪಿಎಚ್ 5.0) 0.5 ಎಂಎಲ್, ಸಬ್‌ಸ್ಟ್ರೇಟ್ ಮತ್ತು ನೀರು ಸೇರಿ 0.4 ಎಂಎಲ್, ಎನ್‌ಜೈಮ್ 0.1 ಎಂಎಲ್. 37 ಡಿಗ್ರಿಯಲ್ಲಿ 10 ನಿಮಿಷ. ಆಮೇಲೆ 0.1 ಮೋಲಾರ್ ಎನ್‌ಎಓಎಚ್ (ಸೋಡಿಯಂ ಹೈಡ್ರಾಕ್ಸೈಡ್, ಎನ್‌ಜೈಮ್ ನಿಲ್ಲಿಸುವ ಕ್ಷಾರ) 2 ಎಂಎಲ್ ಹಾಕಿ 405 ನ್ಯಾನೋಮೀಟರಿನಲ್ಲಿ ಓಡಿ (ಆಪ್ಟಿಕಲ್ ಡೆನ್ಸಿಟಿ, ಹಳದಿ ಬಣ್ಣದ ಅಳತೆ) ನೋಡಿದ್ದು. ಸಬ್‌ಸ್ಟ್ರೇಟ್ ಸ್ಟಾಕ್ 10 ಮಿಲಿಮೋಲಾರ್.

ಟ್ಯೂಬಿನೊಳಗಿನ ಸಬ್‌ಸ್ಟ್ರೇಟ್ (ಮಿಲಿಮೋಲಾರ್) ಮತ್ತು ಓಡಿ:

0.1 – 0.177
0.2 – 0.314
0.5 – 0.584
1.0 – 0.811
2.0 – 1.014
4.0 – 1.183

ಬ್ಲ್ಯಾಂಕ್ 0.120. ಅದು 4 ಮಿಲಿಮೋಲಾರ್ ಟ್ಯೂಬೇ, ಎನ್‌ಜೈಮ್ ಬದಲು ಬಫರ್ ಹಾಕಿದ್ದು. ಎಲ್ಲದರಿಂದಲೂ 0.120 ಕಳೆದು 1/ವಿ, 1/ಎಸ್ ಗೆರೆ (ಅದೇ ಲೈನ್‌ವೀವರ್–ಬರ್ಕ್; ವಿ ವೇಗ, ಇಲ್ಲಿ ಓಡಿ; ಎಸ್ ಸಬ್‌ಸ್ಟ್ರೇಟ್) ಎಳೆದರೆ ಆರ್ ಸ್ಕ್ವೇರ್ (ಬಿಂದುಗಳು ಗೆರೆಗೆ ಎಷ್ಟು ಹೊಂದುತ್ತವೆ ಎಂಬ ಅಂಕಿ, 1 ಅಂದರೆ ಪೂರ್ತಿ) 0.95 ಬರ್ತದೆ, ಆದರೆ ಗೆರೆ ವೈ ಅಕ್ಷವನ್ನು ಸೊನ್ನೆಯ ಕೆಳಗೆ, ಮೈನಸ್ 0.46ರಲ್ಲಿ ಕತ್ತರಿಸ್ತದೆ. ಕೆಎಮ್ ಮೈನಸ್ 3.6! ಎಂತ ಆಗಿರಬಹುದು? ಎನ್‌ಜೈಮ್ ಹಾಳಾಗಿದೆಯಾ?

---

ಉತ್ತರ 1: ಕ್ಯುವೆಟ್_ಒರಸು

ಎನ್‌ಜೈಮ್ ಚೆನ್ನಾಗಿಯೇ ಉಂಟು ಮಾರಾಯ್ರೆ. ತೊಂದರೆ ಇರುವುದು ಬ್ಲ್ಯಾಂಕಿನಲ್ಲಿ.

ಪಿಎನ್‌ಪಿಪಿ ತಾನಾಗಿಯೇ ಸ್ವಲ್ಪ ಒಡೆದು ಪ್ಯಾರಾ ನೈಟ್ರೋಫಿನಾಲ್ ಆಗಿರುತ್ತದೆ. ಬ್ಲ್ಯಾಂಕಿನ ಹಳದಿ ಅದರದ್ದು. ಆ ಹಳದಿ ಸಬ್‌ಸ್ಟ್ರೇಟ್ ಜೊತೆ ಬರುವಂಥದ್ದು, ಹಾಗಾಗಿ 4 ಮಿಲಿಮೋಲಾರ್ ಟ್ಯೂಬಿನಲ್ಲಿ 0.120 ಇದ್ದರೆ 1 ಮಿಲಿಮೋಲಾರಿನಲ್ಲಿ 0.030, 0.1ರಲ್ಲಿ ಬರೀ 0.003. ನೀವು 0.1ರ ಟ್ಯೂಬಿನಿಂದಲೂ 0.120 ಕಳೆದಿದ್ದೀರಿ. 0.174 ಇರಬೇಕಾದದ್ದು 0.057 ಆಯಿತು, ಅಂದರೆ ಮೂರರಲ್ಲಿ ಒಂದು ಪಾಲು ಉಳಿಯಿತು. 4ರ ಟ್ಯೂಬಿಗೆ ಏನೂ ಆಗಲಿಲ್ಲ.

ಇನ್ನು ಅದರ ವಿಲೋಮ ತೆಗೆದಿರಿ. 0.057ರ ವಿಲೋಮ 17.5, ಓಡಿಯಲ್ಲಿ 0.01 ಹೆಚ್ಚಾಗಿದ್ದರೆ ಅದು 14.9 ಆಗುತ್ತಿತ್ತು. ಅದೇ 0.01 ವ್ಯತ್ಯಾಸ 1.063ರ ಮೇಲೆ ಆದರೆ 1/ವಿ ಬದಲಾಗುವುದು 0.009ರಷ್ಟು ಮಾತ್ರ. ಒಂದೇ ಅಳತೆಯ ತಪ್ಪಿಗೆ ಈ ಗ್ರಾಫಿನಲ್ಲಿ ಸುಮಾರು 300 ಪಟ್ಟು ವ್ಯತ್ಯಾಸ. ಆರು ಬಿಂದುಗಳಿದ್ದರೂ ಗೆರೆಯನ್ನು ಎಳೆಯುತ್ತಿರುವುದು ಮೇಲೆ ದೂರದಲ್ಲಿ ಕೂತ ಆ ಒಂದು ಬಿಂದು. ಆರ್ ಸ್ಕ್ವೇರ್ 0.95 ಬಂದದ್ದೂ ಅದೇ ಕಾರಣಕ್ಕೆ, ಅದನ್ನು ನೋಡಿ ಸಮಾಧಾನ ಪಡಬೇಡಿ.

ನಿಮ್ಮ ಬ್ಲ್ಯಾಂಕನ್ನು ಸಬ್‌ಸ್ಟ್ರೇಟ್ ಅನುಪಾತದಲ್ಲಿ ಹಂಚಿ (0.003, 0.006, 0.015, 0.030, 0.060, 0.120) ಕಳೆದರೆ ಓಡಿ 0.174, 0.308, 0.569, 0.781, 0.954, 1.063. ಈಗ ಗೆರೆ ವೈ ಅಕ್ಷವನ್ನು 0.79ರಲ್ಲಿ ಮುಟ್ಟುತ್ತದೆ, ಇಳಿಜಾರು 0.494, ಇಳಿಜಾರನ್ನು ಆ 0.79ರಿಂದ ಭಾಗಿಸಿದರೆ ಕೆಎಮ್ 0.62 ಮಿಲಿಮೋಲಾರ್.

ಇದು ತಾತ್ಕಾಲಿಕ ರಿಪೇರಿ. ಸರಿಯಾದ ಕ್ರಮ ಅಂದರೆ ಪ್ರತಿ ಸಾಂದ್ರತೆಗೂ ಅದರದೇ ಬ್ಲ್ಯಾಂಕ್, ಅದರಲ್ಲಿ ಎನ್‌ಎಓಎಚ್ ಮೊದಲು, ಎನ್‌ಜೈಮ್ ಆಮೇಲೆ. ಎನ್‌ಜೈಮ್ ಬದಲು ಬಫರ್ ಹಾಕಿದರೆ ಕಾಳಿನ ರಸದ ಸ್ವಂತ ಬಣ್ಣ ಲೆಕ್ಕಕ್ಕೇ ಬರುವುದಿಲ್ಲ. ಕ್ರೂಡ್ (ಶುದ್ಧ ಮಾಡದ) ರಸ ಕ್ಷಾರಕ್ಕೆ ಬಿದ್ದ ಕೂಡಲೇ ಪಾಲಿಫಿನಾಲ್‌ಗಳಿಂದಾಗಿ ಕಂದು ತಿರುಗುತ್ತದೆ, 405ರಲ್ಲಿ ಅದೂ ಓದುತ್ತದೆ. ನಿಮ್ಮ ಸರಿಪಡಿಸಿದ ಬಿಂದುಗಳು ಗೆರೆಗೆ ಅಂಟಿಕೊಂಡೇ ಕೂರುತ್ತವೆ, ಆದ್ದರಿಂದ ಈ ಸಲ ಅದು ದೊಡ್ಡದಿರಲಿಕ್ಕಿಲ್ಲ.

---

ಉತ್ತರ 2: ಮಣಿಪಾಲ_ಕೈನೆಟಿಕ್ಸ್

ಮೇಲಿನವರು ಹೇಳಿದ್ದು ಸರಿ. ಇಂಥದ್ದನ್ನು ಹಿಡಿಯಲು ಹೇನ್ಸ್ ಗ್ರಾಫ್ ಸಾಕು: ಎಸ್/ವಿ ವೈ ಅಕ್ಷಕ್ಕೆ, ಎಸ್ ಎಕ್ಸ್ ಅಕ್ಷಕ್ಕೆ. ಮೈಕೇಲಿಸ್–ಮೆಂಟನ್ (ಎನ್‌ಜೈಮ್ ವೇಗದ ಮೂಲ ಸಮೀಕರಣ) ಪ್ರಕಾರ ಎಸ್ ಏರಿದಂತೆ ಎಸ್/ವಿ ಏರಲೇಬೇಕು. ನೀವು ಕಳೆದ ಮೊದಲಿನ ಲೆಕ್ಕದಲ್ಲಿ 0.1ಕ್ಕೆ 1.75, 0.2ಕ್ಕೆ 1.03, 0.5ಕ್ಕೆ 1.08. ಎಡ ತುದಿಯಲ್ಲಿ ಕೊಕ್ಕೆ ಹಾಗೆ ಮೇಲೆ ಬಾಗಿದ್ದರೆ ಕಡಿಮೆ ಸಾಂದ್ರತೆಯ ಓಡಿಯಿಂದ ಜಾಸ್ತಿ ಕಳೆದಿದ್ದೀರಿ ಎಂದೇ ಮೊದಲ ಅನುಮಾನ. ಲೈನ್‌ವೀವರ್–ಬರ್ಕಿನಲ್ಲಿ ಈ ಕೊಕ್ಕೆ ಕಾಣುವುದೇ ಇಲ್ಲ. 1934ರಲ್ಲಿ ಗ್ರಾಫ್ ಹಾಳೆ, ಸ್ಕೇಲು ಇಟ್ಟುಕೊಂಡವರಿಗೆ ಅನುಕೂಲವಾಗಿದ್ದ ವಿಧಾನ, ಇವತ್ತು ಅಂಕಿ ತೆಗೆಯಲು ಅದನ್ನೇ ಹಿಡಿದು ಕೂರುವ ಅಗತ್ಯ ಇಲ್ಲ. ಇನ್ಹಿಬಿಷನ್ (ಎನ್‌ಜೈಮಿಗೆ ತಡೆ) ಯಾವ ಬಗೆಯದ್ದು ಎಂದು ಕಣ್ಣಿಗೆ ತೋರಿಸಲು ಮಾತ್ರ ಇಡಿ.

ಸರಿಪಡಿಸಿದ ಓಡಿ ಹಾಕಿದರೆ ಹೇನ್ಸಿನಲ್ಲಿ ಕೆಎಮ್ 0.58. ಅದೇ ಡೇಟಾ, ಲೈನ್‌ವೀವರಿನಲ್ಲಿ 0.62. ಈ ವ್ಯತ್ಯಾಸ ಯಾಕೆ ಎಂದು ಕೇಳಬೇಕು, ಏಕೆಂದರೆ ಇಲ್ಲಿ ಎರಡನೇ ತೊಂದರೆ ಅಡಗಿದೆ.

ಪ್ಯಾರಾ ನೈಟ್ರೋಫಿನೊಲೇಟ್‌ನ (ಕ್ಷಾರದಲ್ಲಿ ಹಳದಿಯಾದ ಪ್ಯಾರಾ ನೈಟ್ರೋಫಿನಾಲ್) ಮೋಲಾರ್ ಎಕ್ಸ್‌ಟಿಂಕ್ಷನ್ (1 ಸೆಂಟಿಮೀಟರ್ ಕ್ಯುವೆಟ್ಟಿನಲ್ಲಿ 1 ಮೋಲಾರಿಗೆ ಬರುವ ಓಡಿ) 18,000 ಎಂದು ಹಿಡಿಯಿರಿ, ಒಟ್ಟು ಗಾತ್ರ 3 ಎಂಎಲ್. ಆಗ 1 ಎಂಎಲ್ ರಿಯಾಕ್ಷನ್ನಿನಲ್ಲಿ ಹುಟ್ಟಿದ ಪ್ರಾಡಕ್ಟ್ ಮಿಲಿಮೋಲಾರಿನಲ್ಲಿ ಓಡಿ ಭಾಗಿಸು 6. 0.1ರ ಟ್ಯೂಬಿನಲ್ಲಿ 0.174 ಅಂದರೆ 0.029 ಮಿಲಿಮೋಲಾರ್. ಹಾಕಿದ ಸಬ್‌ಸ್ಟ್ರೇಟಿನ 29 ಶೇಕಡಾ ಖಾಲಿ! 4ರ ಟ್ಯೂಬಿನಲ್ಲಿ 4.4 ಶೇಕಡಾ ಮಾತ್ರ. ನೀವು ಆರಂಭಿಕ ವೇಗ ಎಂದು ಬರೆದದ್ದು ಕೆಳಗಿನ ಮೂರು ಟ್ಯೂಬಿಗೆ ಆರಂಭಿಕ ವೇಗವೇ ಅಲ್ಲ, ಸರಾಸರಿ. ಕಡಿಮೆ ಸಾಂದ್ರತೆಯ ವೇಗ ಕಮ್ಮಿ ಕಂಡು ಕೆಎಮ್ ಉಬ್ಬುತ್ತದೆ.

ಡೇಟಾ ಎಸೆಯಬೇಕಿಲ್ಲ. ಇಂಟಿಗ್ರೇಟೆಡ್ ಸಮೀಕರಣ ಹಾಕಿ (ಎಸ್0 ಹಾಕಿದ ಸಬ್‌ಸ್ಟ್ರೇಟ್, ಪಿ ಹುಟ್ಟಿದ ಪ್ರಾಡಕ್ಟ್, ಎಲ್‌ಎನ್ ಅಂದರೆ ನ್ಯಾಚುರಲ್ ಲಾಗ್): ಎಲ್‌ಎನ್ (ಎಸ್0/(ಎಸ್0 − ಪಿ)) ಬೆಲೆಯನ್ನು ಪಿ ಎದುರು ಗುರುತಿಸಿದರೆ ಇಳಿಜಾರು ಮೈನಸ್ 1/ಕೆಎಮ್, ವೈ ಅಕ್ಷದ ಛೇದ ವಿಮ್ಯಾಕ್ಸ್ × ಸಮಯ / ಕೆಎಮ್. ನಿಮ್ಮ 0.1ರ ಟ್ಯೂಬು: ಪಿ 0.029, ಎಲ್‌ಎನ್ 0.3425. 2ರ ಟ್ಯೂಬು: ಪಿ 0.159, ಎಲ್‌ಎನ್ 0.0828. ಇಳಿಜಾರು ಮೈನಸ್ 2.0, ಅಂದರೆ ಕೆಎಮ್ 0.50. ವಿಮ್ಯಾಕ್ಸ್ 10 ನಿಮಿಷಕ್ಕೆ 0.20 ಮಿಲಿಮೋಲಾರ್, 1 ಎಂಎಲ್‌ಗೆ ನಿಮಿಷಕ್ಕೆ 20 ನ್ಯಾನೋಮೋಲ್. ಎನ್‌ಜೈಮ್ ಹಾಕಿದ್ದು 0.1 ಎಂಎಲ್ ಆದ್ದರಿಂದ ನಿಮ್ಮ ರಸದಲ್ಲಿ ಎಂಎಲ್‌ಗೆ 0.2 ಯೂನಿಟ್ (1 ಯೂನಿಟ್ ಅಂದರೆ ನಿಮಿಷಕ್ಕೆ 1 ಮೈಕ್ರೋಮೋಲ್). ಹುಟ್ಟಿದ ಫಾಸ್ಫೇಟ್ ಎನ್‌ಜೈಮನ್ನು ತಡೆಯುತ್ತಿಲ್ಲ, 10 ನಿಮಿಷವೂ ಎನ್‌ಜೈಮ್ ಸಾಯುತ್ತಿಲ್ಲ ಎಂಬ ಊಹೆ ಇದರೊಳಗೆ ಉಂಟು; ಅದನ್ನು ರೆಕಾರ್ಡಿನಲ್ಲಿ ಬರೆಯಿರಿ.

ಮುಂದಿನ ಸಲ ಎನ್‌ಜೈಮನ್ನು ನಾಲ್ಕು ಪಟ್ಟು ತೆಳು ಮಾಡಿ. 0.1ರ ಟ್ಯೂಬಿನಲ್ಲಿ 8 ಶೇಕಡಾ ಖರ್ಚಾಗುತ್ತದೆ, 10ರ ಒಳಗೆ. ಓಡಿ ತೀರಾ ಕೆಳಗೆ ಬೀಳದಂತೆ ನಿಲ್ಲಿಸುವ ಕ್ಷಾರ 2 ಬದಲು 1 ಎಂಎಲ್ ಹಾಕಿ. ಒಟ್ಟು 2 ಎಂಎಲ್‌ನಲ್ಲಿ 0.1ರ ಟ್ಯೂಬು ಸುಮಾರು 0.07, 4ರ ಟ್ಯೂಬು 0.40 ಓದುತ್ತದೆ.

---

ಉತ್ತರ 3: ಪಡುಬಿದ್ರೆ_ಬಫರ್

1 ಎಂಎಲ್ ಹಾಕುವುದಾದರೆ ಒಂದು ಎಚ್ಚರಿಕೆ. 0.1 ಮೋಲಾರ್ ಎನ್‌ಎಓಎಚ್ ಸಾಲದು.

ಪಿಎಚ್ 5ರಲ್ಲಿ ಸಿಟ್ರೇಟ್ ಅರ್ಧಕ್ಕೂ ಹೆಚ್ಚು ಒಂದು ಪ್ರೋಟಾನ್ ಹೊತ್ತು, ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಎರಡು ಪ್ರೋಟಾನ್ ಹೊತ್ತು ಕೂತಿರುತ್ತದೆ. ಟ್ಯೂಬಿನಲ್ಲಿ 100 ಮೈಕ್ರೋಮೋಲ್ ಸಿಟ್ರೇಟ್ ಇದ್ದರೆ ಸುಮಾರು 130 ಮೈಕ್ರೋಮೋಲ್ ಕ್ಷಾರ ಅದಕ್ಕೇ ಬೇಕು, ಎನ್‌ಜೈಮ್ ಜೊತೆ ಬಂದ ಬಫರಿನ ಲೆಕ್ಕ ಬೇರೆ. 0.1 ಮೋಲಾರ್ 1 ಎಂಎಲ್ ಅಂದರೆ 100 ಮೈಕ್ರೋಮೋಲ್. ಪಿಎಚ್ 7 ದಾಟಲಿಕ್ಕೂ ಕಷ್ಟ. ಪ್ಯಾರಾ ನೈಟ್ರೋಫಿನಾಲಿನ ಪಿಕೆಎ (ಅರ್ಧ ಪಾಲು ಪ್ರೋಟಾನ್ ಬಿಟ್ಟಿರುವ ಪಿಎಚ್) 7.15, ಪೂರ್ತಿ ಹಳದಿ ಆಗಬೇಕಾದರೆ ಪಿಎಚ್ 9.2ರ ಮೇಲೆ ಹೋಗಬೇಕು. ಬಣ್ಣ ಅರ್ಧಂಬರ್ಧ ಬರ್ತದೆ, ಎನ್‌ಜೈಮ್ ಕೂಡ ಪೂರ್ತಿ ನಿಲ್ಲುವುದಿಲ್ಲ. 0.5 ಮೋಲಾರ್ ಬಳಸಿ. ಅಥವಾ ಅಸಿಟೇಟ್ ಬಫರಿಗೆ ಬನ್ನಿ: 0.1 ಮೋಲಾರ್, ಪಿಎಚ್ 5, 1 ಎಂಎಲ್‌ಗೆ ಬರೀ 37 ಮೈಕ್ರೋಮೋಲ್ ಸಾಕು.

ನಿಮ್ಮ ಈಗಿನ 2 ಎಂಎಲ್ ಕೂಡ 200 ಮೈಕ್ರೋಮೋಲ್ ಇದೆ ಎಂದು ಕಾಗದದ ಮೇಲೆ ಮಾತ್ರ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಎನ್‌ಎಓಎಚ್ ಗುಳಿಗೆ ಡಬ್ಬಿ ತೆರೆದು ತೂಕ ಮಾಡುವಷ್ಟರಲ್ಲಿ ಬೆವರಲು ಶುರು, ಗಾಳಿಯ ಕಾರ್ಬನ್ ಡೈಆಕ್ಸೈಡನ್ನೂ ಹೀರುತ್ತದೆ. 4 ಗ್ರಾಂ ತೂಗಿದರೂ ಅದರಲ್ಲಿ ನೀರು, ಕಾರ್ಬೊನೇಟ್ ಎಷ್ಟೋ. ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್ ಹಾಕಿ ಟೈಟ್ರೇಟ್ ಮಾಡಿ ಕ್ಷಾರದ ನಿಜವಾದ ಸಾಂದ್ರತೆ ನೋಡಿ. ಥ್ಯಾಲೇಟ್ ಗಾಳಿಯ ತೇವ ಹೀರುವುದಿಲ್ಲ. ಟ್ಯೂಬಿನ ಕೊನೆಯ ಪಿಎಚ್ ಕಾಗದದಲ್ಲಿ ಒಂದು ಸಲ ನೋಡಿದರೂ ಸಾಕು.

ಪಿಎನ್‌ಪಿಪಿ ಬಾಟಲಿಯದ್ದೂ ಅದೇ ಕಥೆ. ಮೈನಸ್ 20ರಿಂದ ತೆಗೆದು ಕೂಡಲೇ ಮುಚ್ಚಳ ತಿರುಗಿಸಿದರೆ ಪುಡಿಯ ಮೇಲೆ ನೀರು ಹನಿಯುತ್ತದೆ. ಬಾಟಲಿ ಲ್ಯಾಬಿನ ಬಿಸಿಗೆ ಬರುವವರೆಗೆ ತೆರೆಯಬೇಡಿ. ನಿಮ್ಮ ಬ್ಲ್ಯಾಂಕ್ 0.120 ಅಂದರೆ 0.5 ಶೇಕಡಾ ಆಗಲೇ ಒಡೆದಿದೆ. ಒಟ್ಟು 2 ಎಂಎಲ್‌ಗೆ ಇಳಿಸಿ ಎನ್‌ಜೈಮ್ ತೆಳು ಮಾಡಿದರೆ ಅದೇ ಸಬ್‌ಸ್ಟ್ರೇಟಿನ ಬ್ಲ್ಯಾಂಕ್ 0.18 ಓದುತ್ತದೆ, ನಿಜವಾದ ಸಂಕೇತ 0.40 ಮಾತ್ರ! ಸ್ಟಾಕ್ ಅದೇ ದಿನ ಮಾಡಿ, ಫಾಯಿಲ್ ಸುತ್ತಿ ಐಸ್ ಮೇಲೆ ಇಡಿ. ತೂಗುವಾಗ ಲೇಬಲ್ ಓದಿ: ಹೆಕ್ಸಾಹೈಡ್ರೇಟ್ ಡೈಸೋಡಿಯಂ ಲವಣ 371.1, ನೀರಿಲ್ಲದ್ದು 263. 10 ಮಿಲಿಮೋಲಾರ್ 10 ಎಂಎಲ್‌ಗೆ ಹೆಕ್ಸಾಹೈಡ್ರೇಟ್ 37.1 ಮಿಲಿಗ್ರಾಂ.

ಇನ್ನೊಂದು. 10 ಮಿಲಿಮೋಲಾರ್ ಸ್ಟಾಕಿನಿಂದ 0.1ರ ಟ್ಯೂಬಿಗೆ 10 ಮೈಕ್ರೋಲೀಟರ್ ಪಿಪೆಟ್ ಮಾಡಿದ್ದೀರಾ? ಬೇಡ. 0.25, 0.5, 1.25, 2.5, 5, 10 ಮಿಲಿಮೋಲಾರ್ ಎಂದು ಆರು ದ್ರಾವಣ ಮಾಡಿಕೊಂಡು ಎಲ್ಲ ಟ್ಯೂಬಿಗೂ 0.4 ಎಂಎಲ್ ಹಾಕಿ.

---

ಕೊಣಾಜೆ_ಗುಡ್ಡೆ

ತುಂಬಾ ಉಪಕಾರ ಆಯಿತು. ಎರಡು ಸಣ್ಣ ಪ್ರಶ್ನೆ. ಈ ಹಳೇ ಡೇಟಾವನ್ನು ಅನುಪಾತದಲ್ಲಿ ಸರಿಪಡಿಸಿ ರೆಕಾರ್ಡಿನಲ್ಲಿ ಬರೆದರೆ ತಪ್ಪಾ? ಮತ್ತೆ ಮುಂದಿನ ವಾರ ಇದೇ ರಸದಲ್ಲಿ ಫಾಸ್ಫೇಟ್ ಹಾಕಿ ಇನ್ಹಿಬಿಷನ್ ಮಾಡಬೇಕು, ಕೆಐ (ಇನ್ಹಿಬಿಟರಿನ ಬಲ ತೋರಿಸುವ ಅಂಕಿ, ಸಣ್ಣದಾದಷ್ಟು ತಡೆ ಜೋರು) ಬೇಕು.

---

ಉತ್ತರ 4: ಮಣಿಪಾಲ_ಕೈನೆಟಿಕ್ಸ್

ತಪ್ಪಲ್ಲ. ಮೂಲ ಓಡಿ ಒಂದು ಕಾಲಮ್ಮಿನಲ್ಲಿ ಹಾಗೇ ಇರಲಿ, ಪಕ್ಕದಲ್ಲಿ ಕಳೆದದ್ದು ಎಷ್ಟು, ಯಾಕೆ ಎಂದು ಒಂದು ಸಾಲು. ಮೂಲವನ್ನು ಅಳಿಸಿ ಸರಿಪಡಿಸಿದ್ದನ್ನೇ ಬರೆದರೆ ಮಾತ್ರ ತಪ್ಪು. ವೈವಾದಲ್ಲಿ 0.62, 0.58, 0.50 ಮೂರನ್ನೂ ಇಟ್ಟು ಯಾವುದು ಯಾಕೆ ಬೇರೆ ಎಂದು ಹೇಳಲು ಬಂದರೆ ಎಕ್ಸಾಮಿನರಿಗೆ ಇನ್ನೇನು ಬೇಕು?

ಕೆಐ ವಿಷಯಕ್ಕೆ ಕ್ರೂಡ್ ರಸದಲ್ಲಿ ಕೈ ಹಾಕಬೇಡಿ. ಮೊಳಕೆ ಬರುವಾಗ ಕಾಳಿನ ಫೈಟೇಟ್ (ಬೀಜ ಫಾಸ್ಫೇಟ್ ಕೂಡಿಟ್ಟ ರೂಪ) ಒಡೆದು ಅಜೈವಿಕ ಫಾಸ್ಫೇಟ್ ಬಿಡುಗಡೆ ಆಗುತ್ತದೆ, ನಿಮ್ಮ ರಸದಲ್ಲಿ ಅದು ಆಗಲೇ ಉಂಟು. ಫಾಸ್ಫೇಟ್ ಸಬ್‌ಸ್ಟ್ರೇಟಿನ ಜಾಗಕ್ಕೇ ಪೈಪೋಟಿ ಮಾಡುವ ಇನ್ಹಿಬಿಟರ್. ಅಂದರೆ ನೀವು ಸೊನ್ನೆ ಎಂದು ಗುರುತಿಸುವ ಟ್ಯೂಬೇ ಸೊನ್ನೆ ಅಲ್ಲ, ಕೆಐ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅಮೋನಿಯಂ ಸಲ್ಫೇಟ್ ಹಾಕಿ ಪ್ರೋಟೀನ್ ಇಳಿಸಿ, ಕರಗಿಸಿ, 4 ಡಿಗ್ರಿಯಲ್ಲಿ ರಾತ್ರಿಯಿಡೀ ಅಸಿಟೇಟ್ ಬಫರಿಗೆ ಡಯಾಲಿಸಿಸ್ (ಫಾಸ್ಫೇಟಿನಂಥ ಸಣ್ಣ ಅಣುಗಳು ಪೊರೆಯಿಂದ ಹೊರಗೆ ಹೋಗುತ್ತವೆ), ನಡುವೆ ಎರಡು ಸಲ ಬಫರ್ ಬದಲಿಸಿ. ಸಮಯ ಇಲ್ಲದಿದ್ದರೆ ಸೆಫಾಡೆಕ್ಸ್ ಜಿ-25 (ಪ್ರೋಟೀನನ್ನು ಸಣ್ಣ ಅಣುಗಳಿಂದ ಬೇರ್ಪಡಿಸುವ ಜೆಲ್) ಸಣ್ಣ ಕಾಲಮ್ ಅರ್ಧ ಗಂಟೆಯ ಕೆಲಸ. ಡಯಾಲಿಸಿಸ್ ಆದ ಮೇಲೆ ಕೆಎಮ್ ಇನ್ನೊಮ್ಮೆ ತೆಗೆಯಿರಿ. ಇಳಿದರೆ ಹೊರಗೆ ಹೋದದ್ದು ಫಾಸ್ಫೇಟೇ ಇರಬೇಕು. ಆದರೂ ಬೀಜದಲ್ಲಿ ಒಂದಕ್ಕಿಂತ ಹೆಚ್ಚು ಆ್ಯಸಿಡ್ ಫಾಸ್ಫಟೇಸ್ ಇರುವುದರಿಂದ ನೀವು ಬರೆಯುವುದು ತೋರಿಕೆಯ ಕೆಎಮ್.

---

ಉತ್ತರ 5: ಕ್ಯುವೆಟ್_ಒರಸು

ಸಬ್‌ಸ್ಟ್ರೇಟ್ ಸಾಂದ್ರತೆ ನಂಬಲರ್ಹವಾ ಎಂದು ನೋಡಲು: 0.1ರ ಒಂದು ಹೆಚ್ಚುವರಿ ಟ್ಯೂಬಿಗೆ ತೆಳು ಮಾಡದ ಎನ್‌ಜೈಮ್ ಹಾಕಿ ಎರಡು ಮೂರು ಗಂಟೆ 37 ಡಿಗ್ರಿಯಲ್ಲಿ ಬಿಡಿ, ಜೊತೆಗೆ ಅದರ ಬ್ಲ್ಯಾಂಕ್. ಎಲ್ಲ ಒಡೆದು ಮುಗಿದರೆ 3 ಎಂಎಲ್‌ನಲ್ಲಿ ಓಡಿ 0.60 ಬರಬೇಕು. ಅಲ್ಲಿಂದ ಇನ್ನೂ ಒಂದು ಗಂಟೆ ಬಿಟ್ಟರೂ ಏರದೆ 0.52ರಲ್ಲಿ ನಿಂತರೆ ನಿಮ್ಮ 10 ಮಿಲಿಮೋಲಾರ್ ಅಸಲಿಗೆ 8.7, ಕೆಎಮ್ ಕೂಡ ಅಷ್ಟೇ ಅನುಪಾತದಲ್ಲಿ ಇಳಿಯುತ್ತದೆ.